ಕಣ್ಣುಬೇನೆಯ ಕೋಣೆಗೆ ಬಂದವರು ಯಾರು?

ಶ್ರೀಮತಿ ದಿಂಬಿನ ಕೆಳಗೆ ಕೈ ಹಾಕಿದಳು. ಚಿನ್ನದ ಅವಲಕ್ಕಿ ಸರ ಇರಲಿಲ್ಲ. ಮಧ್ಯಾಹ್ನ ಊಟವಾದಾಗ ಇತ್ತು, ಮೂರು ಗಂಟೆಗೆ ಇಲ್ಲ.

ನಾಲ್ಕಕ್ಕೆ ಹೆಡ್ ಕಾನ್‌ಸ್ಟೇಬಲ್ ಹೊನ್ನಮ್ಮ ಬರುವಷ್ಟರಲ್ಲಿ ಹೊನ್ನಾವರದ ಆ ಓಣಿ ತೀರ್ಪನ್ನೇ ಕೊಟ್ಟು ಮುಗಿಸಿತ್ತು. ಮನೆಯಲ್ಲಿದ್ದವಳು ಕೆಲಸದ ಸುಕ್ರಿ ಒಬ್ಬಳೇ, ಮತ್ಯಾರು ಕದಿಯುತ್ತಾರೆ? ಸುಕ್ರಿ ಅಂಗಳದ ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಕಳ್ಳಿ ಎಂಬ ಹೆಸರು ಬಿದ್ದರೆ ಊರಿನ ಯಾವ ಮನೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊನ್ನಮ್ಮನಿಗೆ ಅದು ಚೆನ್ನಾಗಿ ಗೊತ್ತು. ಅವಳ ಅವ್ವನೂ ಕಂಡವರ ಮನೆಯ ಪಾತ್ರೆ ತಿಕ್ಕಿದವಳೇ.

ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುವ ಶ್ರೀಮತಿ ಕಪ್ಪು ಕನ್ನಡಕ ಹಾಕಿ, ಎರಡು ದಿಂಬಿಗೆ ಒರಗಿದ್ದಳು.

"ಕಣ್ಣುಬೇನೆ, ಹತ್ರ ಬರಬೇಡಿ," ಎಂದ ಗಂಡ ಹರಿಹರ. ಕುಮಟೆಯ ಕಾಲೇಜಿನಿಂದ ಆಗಷ್ಟೇ ಓಡಿ ಬಂದಿದ್ದ.

ಹೊನ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ನೋಡಿದರೇ ಅಂಟುತ್ತದೆ ಎಂಬ ಹೆದರಿಕೆ ಪೊಲೀಸರಿಗೂ ಇರುತ್ತದೆ.

"ಯಾರನ್ನಾದ್ರೂ ಕಂಡ್ರಾ ಮೇಡಂ?"

"ಅರೆನಿದ್ದೆ. ಯಾರೋ ಬಗ್ಗಿದ ಹಾಗೆ ಕಂಡ್ತು. ಎಲ್ಲ ಮಬ್ಬು. ಸುಕ್ರಿ ಅಂದ್ಕಂಡೆ."

* * *

"ನಾ ಹೊಸ್ತಿಲೇ ದಾಟ್ಲಿಲ್ರಾ," ಎಂದಳು ಸುಕ್ರಿ. "ಮನೇಲಿ ಮೊಮ್ಮಕ್ಕಳಿದ್ದೊ. ಬೇನೆ ಹತ್ತಿದ್ರೆ ಎಂತ ಮಾಡೂದು? ಗಂಜಿ ಬಟ್ಟಲ ನೆಲದ ಮೇಲಿಟ್ಟು, ಹೂ ಕೊಯ್ಯೂ ದೋಟಿಲಿ ದೂಡ್ದೆ."

ಹೊನ್ನಮ್ಮ ಹೋಗಿ ನೋಡಿದಳು. ಹೊಸ್ತಿಲಿನಿಂದ ಮಂಚದ ಕಾಲಿನವರೆಗೆ ಚೆಲ್ಲಿದ ಗಂಜಿ ಒಣಗಿ ಗೆರೆಯಾಗಿತ್ತು.

ಮಹಡಿಯ ಬಾಡಿಗೆದಾರ ರಮಾನಂದ ಬಂದವರಿಗೆಲ್ಲ ಚಾ ಹಂಚುತ್ತಿದ್ದ. ವಿಮೆ ಏಜೆಂಟ, ಬಾಯಿ ತುಂಬ ನಗು.

"ಮಧ್ಯಾಹ್ನ ಎಲ್ಲಿದ್ರಿ?"

"ಮೇಲೇ ಮಲಗಿದ್ದೆ. ಕಣ್ಣುಬೇನೆ ಅಂದ ಮೇಲೆ ನಾಲ್ಕು ದಿನದಿಂದ ಆ ಕೋಣೆ ಬದಿಗೇ ಹೋಗ್ಲಿಲ್ಲ."

ಒಳಗೆ ಶ್ರೀಮತಿ ಬಿಕ್ಕಿದಳು. ರಮಾನಂದ ಬಾಗಿಲಲ್ಲೇ ನಿಂತು ಕರುಣೆಯಿಂದ ಹೇಳಿದ, "ಅಳಬೇಡಿ ಅಕ್ಕ. ಹೊಲಿಗೆಗೆ ನೀರು ತಾಗಿದ್ರೆ ಕೀವಾಗ್ತದೆ."

ಹರಿಹರನ ಮುಖ ಬಿಳಿಚಿಕೊಂಡಿತು. ಹೊನ್ನಮ್ಮ ಅದನ್ನು ನೋಡಿದಳು.

* * *

ಹೊನ್ನಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಗಂಡಹೆಂಡತಿ ಮಾತ್ರ ಉಳಿದರು.

"ಕನ್ನಡಕ ತೆಗೀರಿ ಮೇಡಂ."

ತೆಗೆದಾಗ ರೆಪ್ಪೆಗಳು ನೇರಳೆ ಹಣ್ಣಿನ ಬಣ್ಣಕ್ಕೆ ಬಾತಿದ್ದವು. ಮಡಿಕೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಕಪ್ಪು ದಾರ.

"ಮಂಗಳೂರಲ್ಲಿ ಆಪರೇಶನ್ ಮಾಡಿಸ್ಕಂಡೆ. ರೆಪ್ಪೆ ಜೋತುಬಿದ್ದಿತ್ತು. 'ಮೇಡಂ, ನಿದ್ದೆ ಬಂತಾ' ಅಂತ ಕೌಂಟರಿನಲ್ಲಿ ದಿನಾ ಕೇಳ್ತಿದ್ರು. ಐವತ್ತೆರಡಕ್ಕೆ ಚಂದ ಆಗೂಕೆ ಹೊರಟ್ಲು ಅಂತ ನಗ್ತಾರೆ ಅಂತ ಕಣ್ಣುಬೇನೆ ಅಂದ್ವಿ."

"ಮಬ್ಬು?"

"ಮುಲಾಮಿಂದು. ಬಾವು, ಕಪ್ಪು ಎರಡು ವಾರ ಇರ್ತದೆ, ರೆಪ್ಪೆ ಕೆಲವು ದಿನ ಪೂರ್ತಿ ಮುಚ್ಚೂದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ರು. ಹೊಲಿಗೆ ನಾಡಿದ್ದು ತೆಗೀತಾರೆ."

"ಹೊಲಿಗೆ ವಿಷಯ ಇಲ್ಲಿ ಯಾರಿಗೆ ಗೊತ್ತು?"

"ನಮ್ಮಿಬ್ರಿಗೇ. ಕನ್ನಡಕ ತೆಗಿಯೂದು ಮಲಗುವಾಗ ಮಾತ್ರ."

"ಇದನ್ನ ಹೊರಗೆ ಎಲ್ಲರೆದುರು ಹೇಳ್ಬೇಕು. ಇಲ್ದಿದ್ರೆ ಸುಕ್ರಿ ಮೇಲಿನ ಮಾತು ಹೋಗೂದಿಲ್ಲ."

"ಬ್ಯಾಡ ಮಾರಾಯ್ತಿ," ಎಂದ ಹರಿಹರ ಹೆಂಡತಿಗೆ. "ಊರಿಗೆಲ್ಲ ಗೊತ್ತಾಗ್ತು."

ಶ್ರೀಮತಿ ಕನ್ನಡಕ ಮತ್ತೆ ಹಾಕಿಕೊಂಡಳು. "ಆನು ಹೇಳ್ತೆ," ಎಂದು ಎದ್ದಳು.

* * *

ಶ್ರೀಮತಿ ಜಗಲಿಗೆ ಬಂದು ಓಣಿಯವರ ಎದುರಿಗೆ ಕನ್ನಡಕ ತೆಗೆದಳು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರೂ ನಗಲಿಲ್ಲ.

"ಕಣ್ಣುಬೇನೆಗೆ ಹೊಲಿಗೆ ಹಾಕೂದಿಲ್ಲ ರಮಾನಂದರೇ," ಎಂದಳು ಹೊನ್ನಮ್ಮ. "ನಿಮಗೆ ಹೊಲಿಗೆ ಎಲ್ಲಿ ಕಂಡ್ತು?"

"ಯಾರೋ ಹೇಳಿದ್ರು."

"ಯಾರು?"

ರಮಾನಂದ ಖಾಲಿ ಚಾ ಲೋಟಗಳನ್ನು ಎತ್ತತೊಡಗಿದ.

"ಬೇನೆ ಹೆದರಿಕೆಗೆ ಆ ಬದಿಗೆ ಯಾರೂ ಸುಳಿಯೂದಿಲ್ಲ, ಕದಿಯೂಕೆ ಅದೇ ಅನುಕೂಲ ಅಂದ್ಕಂಡ್ರಿ. ಇವರು ಕನ್ನಡಕ ತೆಗೆದು ಮಲಗಿದ್ರು. ದಿಂಬಿನ ಹತ್ರ ಬಗ್ಗಿದವರಿಗೆ ಮಾತ್ರ ಆ ದಾರ ಕಾಣೂದು. ಸುಕ್ರಿ ಕಂಡಿದ್ರೆ ಇಷ್ಟೊತ್ತಿಗೆ ಕುಮಟೆವರೆಗೆ ಸುದ್ದಿ ಆಗ್ತಿತ್ತು."

ಸರ ಮಹಡಿಯ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ರಮಾನಂದನನ್ನು ಜೀಪು ಹತ್ತಿಸಿದರು.

ಶ್ರೀಮತಿ ಅಂಗಳಕ್ಕೆ ಇಳಿದು ಸುಕ್ರಿಯ ಎದುರು ನಿಂತಳು. ಸುಕ್ರಿ ಹತ್ತಿರ ಬಂದು ಆ ಬಾತ ರೆಪ್ಪೆಗಳನ್ನು ಕಣ್ತುಂಬ ನೋಡಿದಳು.

"ಮಬ್ಬಲ್ಲಿ ಕಂಡದ್ದು ಸುಕ್ರಿ ಅಂದ್ರಿ. ಈಗ ಸರಿ ನೋಡಿ ಅಮ್ಮ."

ಶ್ರೀಮತಿ ನೋಡಿದಳು. "ತಪ್ಪಾತು ಸುಕ್ರಿ," ಎಂದಳು, ಆಚೆ ಮನೆಯವರಿಗೂ ಕೇಳುವ ಹಾಗೆ. ಸುಕ್ರಿ ಸೆರಗು ಕೊಡವಿ, ಅವಳ ಕೈ ಹಿಡಿದು ಜಗಲಿ ಹತ್ತಿಸಿ, ಎಲ್ಲರೂ ನೋಡುತ್ತಿದ್ದಂತೆ ಅವಳ ಪಕ್ಕದಲ್ಲೇ ಕುಳಿತಳು.