ಕೆಂಪಿಗೆ ತಿರುಗಿದ ನಕ್ಷತ್ರಗಳು

"ಇದೆಂತ?"

ನೂಲು ಮುಗಿಯಿತೆಂದು ಇವತ್ತು ತಾನೇ ಬಸ್ಸು ಹಿಡಿದು ಕುಂದಾಪುರಕ್ಕೆ ಬಂದಿದ್ದ ಚಂದನಾ, ಫ್ಯಾನ್ಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತುಬಿಟ್ಟಳು. ಗೋಣಿಚೀಲದ ಬಾಯಿಂದ ಇಣುಕುತ್ತಿದ್ದುದು ಅವಳದೇ ನಕ್ಷತ್ರಗಳು! ಕ್ರಿಸ್‌ಮಸ್‌ಗೆಂದು ಕ್ರೋಶಾ ಕಡ್ಡಿಯಲ್ಲಿ ಹೆಣೆದು, ಗಂಜಿ ಹಾಕಿ ಗಟ್ಟಿ ಮಾಡಿ ಕೊಟ್ಟವು.

ಅಂಗಡಿಯ ಉಲ್ಲಾಸ್ ಬಾಗಿಲಲ್ಲೇ ನಿಂತ.

"ಎಲ್ಲಾ ಮಾರಿ ಖರ್ಚಾಯ್ತ್ ಅಂದ್ರಿ ಅಲ್ದಾ?" ಚಂದನಾ ಕೇಳಿದಳು.

"ಅದ್... ಬೇರೆ ತೆಗ್ದಿಟ್ಟದ್..."

"ಸುಳ್ಳ್ ಹೇಳುಕೂ ಬತ್ತಿಲ್ಲೆ ನಿಮ್ಗೆ."

ಸಿಟ್ಟು ಬರಬೇಕಿತ್ತು. ಅಳುವಾದರೂ ಬರಬೇಕಿತ್ತು. ಏನೂ ಬರಲಿಲ್ಲ... ಮಳೆಗಾಲದಲ್ಲಿ ಅಮ್ಮ ತೀರಿಕೊಂಡಾಗಲೂ ಹೀಗೇ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದವರು ‘ಗಟ್ಟಿಗಿತ್ತಿ’ ಎಂದು ಹೊಗಳಿ ಉಂಡು ಹೋದರು.

ಯಡ್ತರೆಯ ಮನೆಯಲ್ಲಿ ಒಬ್ಬಳೇ ಉಳಿದ ಮೇಲೆ ಅವಳ ಬೆರಳುಗಳಷ್ಟೇ ಬದುಕಿದ್ದವು. ಉಲ್ಲಾಸ್ ಪ್ರತಿ ಶನಿವಾರ ಬೈಕಿನಲ್ಲಿ ಬಂದು ನೂಲು ಕೊಟ್ಟು, ಹೆಣೆದದ್ದಕ್ಕೆ ಹಣ ಎಣಿಸಿ ಒಯ್ಯುತ್ತಿದ್ದ. ಚಹಾ ಕುಡಿಯುತ್ತ ಏನಾದರೂ ತಮಾಷೆ ಹೇಳುತ್ತಿದ್ದ. ಅವಳು ನಗುತ್ತಿರಲಿಲ್ಲ. ಆದರೂ ಮುಂದಿನ ಶನಿವಾರ ಬರುತ್ತಿದ್ದ.

ಓಹೋ... ಪಾಪ ಅಂತ! ತಾಯಿ ಇಲ್ಲದವಳು ಅಂತ!

"ಇನ್ ಹೆಣೆತಿಲ್ಲೆ ನಾನ್. ಅಮಾಸೆಬೈಲ್ ಚಿಕ್ಕಮ್ಮ ಕರೀತಾ ಇದ್ರ್. ನಾಳೆ ಹೋತೆ."

ಅಲ್ಲಿಗೆ ಹೋದರೆ ಚಿಕ್ಕಮ್ಮ ತೋರಿಸಿದ ಗಂಡಿಗೆ ತಲೆಯಾಡಿಸುವುದೊಂದೇ ಬಾಕಿ. ಅದಕ್ಕೂ ಅವಳಿಗೆ ಏನೂ ಅನಿಸುತ್ತಿರಲಿಲ್ಲ.

ಉಲ್ಲಾಸ್ ದಡಬಡನೆ ಒಳಗೆ ಬಂದ. ಚೀಲದಿಂದ ಒಂದು ನಕ್ಷತ್ರ ತೆಗೆದು ಬೆಳಕಿಗೆ ಹಿಡಿದ.

"ಇದ್ರ ಬಣ್ಣ ಎಂತ, ಹೇಳಿ ಕಾಂಬ."

"ಬೆಳಿ."

"ಸಮಾ ಕಾಣಿ."

ನೋಡಿದಳು. ಬಿಳಿಯಲ್ಲ! ತುದಿಯೆಲ್ಲ ಮಾಸಲು ಕೆಂಪು...

"ಕುಚ್ಲಕ್ಕಿ ಗಂಜಿಯ ಕೆಂಪ್ ತೆಳಿಯಲ್ಲ್ ಅದ್ದಿದ್ರಿ. ಚರ್ಚಿಗೆ ತಕಂಡ್ ಹೋಪವ್ರ್ ಬೆಳಿಯೇ ಬೇಕ್ ಅಂದ್ರ್."

ಬಿಳಿ ಬೆಳ್ತಿಗೆ ಅಕ್ಕಿಯ ತಿಳಿಯೇ ಆಗಬೇಕೆಂದು ಅವಳಿಗೆ ಗೊತ್ತಿಲ್ಲವೇ? ತನಗೊಬ್ಬಳಿಗೆಂದು ಬೇಯಿಸಿದ ಗಂಜಿಯನ್ನೇ ಬಸಿದು, ಅದ್ದಿ, ಒಣಗಿಸಿ... ಇಷ್ಟು ದಿನ ಕಣ್ಣಿಗೆ ಕಂಡೇ ಇರಲಿಲ್ಲ!

"ಹೇಳ್ಕಿತ್ತಲ್ದಾ?" ಅವಳ ದನಿ ಏರಿತು. "ಶನಿವಾರ ಶನಿವಾರ ಬಂದ್ ಚಾ ಕುಡ್ದ್ ಹೋತ್ರಿ. ಬಾಯಿ ಎಂತಕ್ ಇಪ್ಪುದ್ ನಿಮ್ಗೆ?"

ಎದೆ ಡವಡವ ಎನ್ನುತ್ತಿತ್ತು. ಕಿವಿ ಬಿಸಿಯಾಗಿತ್ತು. ಇದು... ಇದು ಸಿಟ್ಟು!

"ಹೇಳಿರೆ ನೀವ್ ಹೆಣೆಯುದೇ ನಿಲ್ಸ್ತ್ರಿ. ಆಮೇಲ್ ಯಡ್ತರಿಗೆ ಬಪ್ಪುಕೆ ನಂಗೆ ಎಂತ ಕಾರಣ ಇತ್ತ್?"

"ಪಾಪ ಕಂಡ್..."

"ಪಾಪ ಕಂಡಿರೆ ಒಂದ್ಸಲ ಬತ್ತಿದ್ದೆ ಮಾರಾಯ್ರೆ! ನಂಗೆ ನಿಮ್ಮನ್ ಕಾಣ್ಕಿತ್ತ್..." ಅವನು ನಕ್ಷತ್ರವನ್ನು ಚೀಲದ ಮೇಲಿಟ್ಟ. "ಇಷ್ಟ ನಂಗೆ, ನೀವಂದ್ರೆ."

ಚಂದನಾಳ ಕಣ್ಣು ತುಂಬಿತು. ಅಮ್ಮನಿಗಾಗಿಯೋ, ಇವನಿಗಾಗಿಯೋ ತಿಳಿಯಲಿಲ್ಲ. ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅವನು ಅಂಗಡಿಯ ಶಟರ್ ಅರ್ಧ ಎಳೆದು ಬಂದು, ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕುಳಿತ.

"ಇನ್ನೂ ಸಿಟ್ಟ್ ಇತ್ತಾ?" ಅವಳ ಅಳು ತಗ್ಗಿದ ಮೇಲೆ ಕೇಳಿದ.

"ಇತ್ತ್."

"ಹಾಂಗಾರೆ... ನಾಳೆ ಅಮಾಸೆಬೈಲ್?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೋಯ್ಕಲ್ದಾ? ಚಿಕ್ಕಮ್ಮ ಕಂಡಿಟ್ಟ ಗಂಡ್ ಬ್ಯಾಡ ಅಂದ್ ಹೇಳುಕೆ. ಚಿಕ್ಕಮ್ಮ ಸಮಾ ಬೈತ್ರ್."

"ಒಬ್ಳೇ ಎಂತಕ್ಕೆ ಬೈಸ್ಕಂಬುದ್?" ಉಲ್ಲಾಸ್ ಮೆಲ್ಲನೆ ಅವಳ ಬೆರಳು ಮುಟ್ಟಿದ. "ನಾನೂ ಬತ್ತೆ."