ಕುಡಿಯದ ಶರಬತ್ತು

ಟ್ರೇ ಭಾರವೇನೂ ಇರಲಿಲ್ಲ. ಆದರೂ ಮುಸರತ್‌ ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು.

ಎದುರಿನ ಕುರ್ಚಿಯ ತುದಿಯಲ್ಲಿ ಬಿಲಾಲ್ ಕೂತಿದ್ದ. ಅವನ ಕಣ್ಣು ಶರಬತ್ತಿನ ಲೋಟದ ಮೇಲೇ ಇತ್ತು. ಅಷ್ಟು ಆಸೆಯಿಂದ ಅವನು ತನ್ನನ್ನೂ ಯಾವತ್ತೂ ನೋಡಿರಲಿಕ್ಕಿಲ್ಲ ಎಂದುಕೊಂಡಳು ಅವಳು.

"ತಗೋ ಬೇಟಾ, ನಮ್ ಹುಡುಗಿ ಕೈಯಾರೆ ಮಾಡಿದ್ದು," ಎಂದರು ಅವಳ ಸೋದರಮಾವ ಸೈಫುಲ್ಲಾ ಮಾಮು.

ಬಿಲಾಲ್ ಒಡೆದ ತುಟಿಗಳನ್ನು ಒಳಗೆಳೆದುಕೊಂಡ. "ಈಗ ಬ್ಯಾಡ್ರಿ ಮಾಮು."

ಹೆಣ್ಣು ನೋಡಲು ಬಂದ ಹುಡುಗ ಶರಬತ್ತು ಕುಡಿದರೆ ಅವರಲ್ಲಿ ಮಾತು ಪಕ್ಕಾ ಆದಂತೆ. ಮುಟ್ಟದೆ ಎದ್ದರೆ ಹುಡುಗಿ ಒಪ್ಪಿಗೆಯಿಲ್ಲ ಎಂದಂತೆ. ಬಾಯಿಬಿಟ್ಟು 'ಇಲ್ಲ' ಎನ್ನುವ ಮುಜುಗರ ತಪ್ಪಲಿ ಎಂದು ಹಿರಿಯರು ಮಾಡಿಟ್ಟ ದಾರಿ ಅದು. ಅಬ್ಬಾ ಮಸ್ತಾನಸಾಬರ ಮುಖ ನಿಧಾನವಾಗಿ ಬಿಗಿದುಕೊಂಡಿತು. ಬಿಲಾಲನ ತಾಯಿ ಮಾಬೂಬೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

ಅವನು ಯಾಕೆ ಕುಡಿಯುತ್ತಿಲ್ಲ ಎಂಬುದು ಮುಸರತ್‌ಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಪಂದ್ಯಕ್ಕೆ ಗೊತ್ತು ಮಾಡಿದ ತೂಕಕ್ಕಿಂತ ಚೂರು ಹೆಚ್ಚಿದ್ದರೂ ಪಂದ್ಯವಿಲ್ಲ. ಹಿಂದೊಮ್ಮೆ ತೂಕ ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಪಂದ್ಯ ನಡೆಸುವ ಕಂಪನಿಯವರು ಮತ್ತೆ ಕರೆಯುವುದಿಲ್ಲ. ಅದಕ್ಕೇ ನಿನ್ನೆಯಿಂದ ನೀರು ಬಿಟ್ಟಿದ್ದ. ಬೆಳಿಗ್ಗೆ ದಾವಣಗೆರೆಯ ತಮ್ಮ ಮಂಡಕ್ಕಿ ಭಟ್ಟಿಯ ಮುಂದೆ ಎರಡು ಸ್ವೆಟರ್ ಹಾಕಿಕೊಂಡು ಕೂತು, ಇದ್ದ ಬೆವರನ್ನೂ ಇಳಿಸಿ, ಹರಿಹರದ ಅವಳ ಮನೆಗೆ ಬಂದಿದ್ದ.

ಹೆಣ್ಣು ನೋಡುವುದು ಭಾನುವಾರಕ್ಕೆಂದು ಮಾತಾಗಿತ್ತು. ಅಷ್ಟರಲ್ಲಿ ಮಾಮುವಿನ ಮೆಕ್ಕಾ ಯಾತ್ರೆ, ಉಮ್ರಾ ಪ್ರಯಾಣ, ಶುಕ್ರವಾರಕ್ಕೆ ಬಂತು. ಮಾಮು ಇಲ್ಲದೆ ಮಾತುಕತೆ ನಡೆಸುವ ಹಾಗಿರಲಿಲ್ಲ. ಹಾಗಾಗಿ ಇವತ್ತು, ಗುರುವಾರವೇ, ಬರಬೇಕಾಯಿತು.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಕನ್ನಡಕದ ಅಂಗಡಿಯಲ್ಲಿ ಮುಸರತ್‌ಗೆ ಕೆಲಸ. ಹೋದ ವರ್ಷ ತಾಯಿಗೆ ಕನ್ನಡಕ ಮಾಡಿಸಲು ಬಂದ ಬಿಲಾಲನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅವಳು ಕೌಂಟರಿನಿಂದ ಚೂರು ಹಿಂದೆ ಸರಿದಿದ್ದಳು.

"ಎಲ್ಲಿ ಜಗಳ ಮಾಡ್ಕೊಂಡು ಬಂದ್ರಿ?"

"ಜಗಳ ಅಲ್ರಿ, ಕೆಲಸ."

"ಹೊಡಿಸ್ಕೊಳ್ಳೋದೂ ಒಂದು ಕೆಲಸಾನಾ?"

"ಹೊಡೆಯೋದೂ ಇರ್ತೈತ್ರಿ. ಅವತ್ತು ಅದು ಸ್ವಲ್ಪ ಕಮ್ಮಿ ಆತು."

ನಗಬಾರದು ಎಂದುಕೊಂಡೇ ನಕ್ಕಿದ್ದಳು. ಆಮೇಲೆ ಆ ಕನ್ನಡಕದ ಸ್ಕ್ರೂ ಎಷ್ಟು ಸಲ ಸಡಿಲವಾಯಿತೋ! ತಮ್ಮ ಕನ್ನಡಕಕ್ಕೆ ಏನಾಗಿದೆ ಎಂದು ಮಾಬೂಬೀಗೆ ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಅಬ್ಬಾ ಕುರ್ಚಿಯ ಕೈ ಹಿಡಿದು ಏಳಲು ಹೊರಟಿದ್ದರು.

"ಅವ್ರದು ರೋಜಾ ಐತೆ!" ಮುಸರತ್ ಬಾಯಿಂದ ಮಾತು ಜಾರಿತು.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. "ಇವತ್ತು ಗುರುವಾರ ಅಲ್ವಾ. ಉಪವಾಸ ಇರ್ತಾರಂತೆ."

ಮಾಮುವಿನ ಮುಖ ಅರಳಿತು. "ಸುಬ್‌ಹಾನಲ್ಲಾಹ್! ರಂಜಾನ್ ಅಲ್ಲದ ತಿಂಗಳಲ್ಲೂ ರೋಜಾ ಇಡೋ ಹುಡುಗ! ಮಸ್ತಾನ್ ಭಾಯ್, ಇಂಥೋನು ಎಲ್ಲಿ ಸಿಗ್ತಾನ್ರಿ? ಮೊದ್ಲೇ ಹೇಳಬಾರ್ದಾ ಬೇಟಾ, ನಾಚಿಕೆ ಯಾಕ?"

ಅಬ್ಬಾ ಮತ್ತೆ ಕೂತರು. ಮುಸರತ್ ಉಸಿರು ಬಿಟ್ಟಳು. ಅದು ಪೂರ್ತಿ ಹೊರಬರುವ ಮೊದಲೇ ಮಾಮು ಒಳಗೆ ಕೂಗಿದರು. "ಖಜೂರ ತರ್ಸ್ರಿ! ಹೊತ್ತು ಮುಳುಗ್ತೈತೆ, ಮಗ್ರಿಬ್‌ಗೆ ಇನ್ನೇನು ತಡ ಇಲ್ಲ. ಹುಡುಗ ಇಲ್ಲೇ ರೋಜಾ ಬಿಡ್ಲಿ. ಅದೇ ಶರಬತ್ತು ಕುಡಿದು ಮಾತು ಪಕ್ಕಾ ಮಾಡೋಣ."

ಬಿಲಾಲ್ ಅವಳನ್ನು ನೋಡಿದ. ಕೋಪ ಇರಲಿಲ್ಲ. ಕೈಕಾಲು ಕಟ್ಟಿಸಿಕೊಂಡವನ ನೋಟ ಅದು.

ಹುಡುಗ ಹುಡುಗಿ ಒಂದೆರಡು ಮಾತಾಡಲಿ ಎಂದು ಅವರಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಅಮ್ಮಿ ಬಾಗಿಲಲ್ಲೇ ಕೊತ್ತಂಬರಿ ಬಿಡಿಸುತ್ತಾ ಕೂತಳು.

"ಒಳ್ಳೆ ಕೆಲಸ ಮಾಡಿದಿ," ಎಂದ ಬಿಲಾಲ್ ಮೆಲ್ಲಗೆ. "ಮೊದ್ಲು ಸೊಕ್ಕಿನೋನು ಆಗಿದ್ದೆ. ಈಗ ದೊಡ್ಡ ಸಂತ, ಔಲಿಯಾ ಆಗೀನಿ."

"ಮತ್ತೇನು ಮಾಡ್ಲಿ? ಅಬ್ಬಾ ಎದ್ದೇ ಬಿಟ್ಟಿದ್ರು." ಅವಳ ಕಣ್ಣು ತುಂಬಿತು. "ಒಂದೇ ಒಂದು ಗುಟುಕು ಕುಡಿದ್ರೆ ಆಗಲ್ವಾ?"

"ಒಂದು ಗುಟುಕು ಅಂತ ಇರಲ್ಲ ಮುಸರತ್. ನಾಲಿಗೆಗೆ ನೀರು ತಾಗಿದ್ರೆ ಅಲ್ಲಿರೋ ಕೊಡ ಎತ್ತಿ ಕುಡಿದ್ಬಿಡ್ತೀನಿ. ನನ್ನನ್ನ ನಾನೇ ಹಿಡ್ಕೊಳ್ಳೋಕೆ ಆಗಲ್ಲ."

ಅವನ ಕೆನ್ನೆ ಒಳಸೇರಿತ್ತು. ಕಣ್ಣು ಮಾತ್ರ ದೊಡ್ಡದಾಗಿ, ಜ್ವರ ಬಂದ ಮಗುವಿನ ಕಣ್ಣಿನಂತೆ ಹೊಳೆಯುತ್ತಿತ್ತು. ಅವಳಿಗೆ ಹಣೆ ಮುಟ್ಟಿ ನೋಡಬೇಕೆನಿಸಿತು. ಬಾಗಿಲಲ್ಲಿ ಅಮ್ಮಿ ಕೆಮ್ಮಿದಳು.

"ಅಳಬ್ಯಾಡ," ಎಂದ ಅವನು. "ನಂಗೆ ತಿರುಗಿ ಅಳೋಕೂ ನೀರಿಲ್ಲ ಈಗ."

ಅವಳು ಅಳುತ್ತಲೇ ನಕ್ಕಳು.

ಮಸೀದಿಯ ಮೈಕು ಕರಕರ ಎಂದಿತು. ಒಳಗೆ ತಟ್ಟೆಯಲ್ಲಿ ಖಜೂರ, ಹೆಚ್ಚಿದ ಕಲ್ಲಂಗಡಿ, ಅದೇ ಶರಬತ್ತು. ಅಜಾನ್ ಇನ್ನೂ ಶುರುವಾಗಿರಲಿಲ್ಲ. ಮಾಮು ಖಜೂರ ತೆಗೆದು ಅವನ ಕೈಗಿಟ್ಟರು. ಬಿಲಾಲ್ ಅದನ್ನು ನೋಡಿದ. ವಾಪಸ್ ತಟ್ಟೆಗಿಟ್ಟ.

"ನಂದು ರೋಜಾ ಇಲ್ರಿ."

"ಏನಂದಿ?"

"ಇಡದೆ ಇರೋ ರೋಜಾನ ಬಿಡೋಕೆ ನನ್ನ ಕೈಲಿ ಆಗಲ್ಲ ಮಾಮು. ದೇವ್ರ ಹೆಸ್ರಲ್ಲಿ ಸುಳ್ಳು ಬ್ಯಾಡ. ನಾಳೆ ನನ್ನ ತೂಕ ನೋಡ್ತಾರೆ. ಶನಿವಾರ ಪಂದ್ಯ. ಅದಕ್ಕೇ ನೀರು ಮುಟ್ಟಿಲ್ಲ."

"ಕುಸ್ತಿ ಅಂದಿದ್ರಲ್ಲಮ್ಮ?" ಅಬ್ಬಾ ಮಾಬೂಬೀ ಕಡೆ ತಿರುಗಿದರು. "ಕುಸ್ತಿಗೆ ಯಾರು ನೀರು ಬಿಡ್ತಾರೆ?"

ಉತ್ತರ ಬಿಲಾಲನೇ ಕೊಟ್ಟ. "ಕುಸ್ತೀನೂ ಐತ್ರಿ. ಗುದ್ದೋದು, ಒದಿಯೋದೂ ಐತೆ. ಜಾಲರಿ ಪಂಜರದೊಳಗೆ ಬಿಡ್ತಾರೆ. ನಿಮಗೆ ಹೇಳೋಕೆ ಅಮ್ಮಗೆ ಧೈರ್ಯ ಬರ್ಲಿಲ್ಲ."

ಅಜಾನ್ ಕೇಳಿಬಂತು. ಅದು ಮುಗಿದ ಮೇಲೆ ಅಬ್ಬಾ ಲೋಟವನ್ನು ಅವನ ಮುಂದೆ ಸರಿಸಿದರು. ದನಿ ಏರಿಸಲಿಲ್ಲ.

"ನಾನು ಟ್ರಂಕು ಮಾರೋ ಸಾದಾ ಮನ್ಶ. ಮಗಳನ್ನ ಕೊಟ್ಟು, ಅಳಿಯನ ಮುಖ ಯಾವಾಗ ಒಡೀತೈತೋ ಅಂತ ಕಾಯೋ ಶಕ್ತಿ ನಂಗಿಲ್ಲಪ್ಪ. ನಿಂಗೆ ಇವಳು ಬೇಕಾದ್ರೆ ಇದನ್ನ ಕುಡಿ. ಪಂದ್ಯ ಬೇಕಾದ್ರೆ ಎದ್ದು ಹೋಗು."

ಬಿಲಾಲ್ ಮುಸರತ್ ಕಡೆ ನೋಡಿದ, ಲೋಟ ನೋಡಿದ. ನಿಧಾನವಾಗಿ ಅವನ ಕೈ ಮೇಲೆದ್ದಿತು. ಲೋಟವನ್ನು ಹಿಡಿಯಿತು. ತುಟಿಯ ಕಡೆಗೆ ಎತ್ತಿತು. ಬಾಯಾರಿಕೆಗೋ, ಸೋಲಿಗೋ, ಅವಳಿಗೆ ತಿಳಿಯಲಿಲ್ಲ. ತನಗಾಗಿ ಅವನು ಕುಡಿದೇಬಿಡುತ್ತಾನೆ ಎಂಬುದು ಮಾತ್ರ ತಿಳಿಯಿತು.

ಮುಸರತ್ ಮುಂದೆ ಬಂದು ಲೋಟವನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಕುಡಿಬ್ಯಾಡ್ರಿ."

"ಮುಸರತ್!" ಎಂದಳು ಅಮ್ಮಿ.

"ಇವತ್ತು ಕುಡಿದ್ರೆ ಜೀವನಪೂರ್ತಿ ಇವ್ರಿಗೆ ನನ್ನ ಮುಖ ನೋಡಿದಾಗೆಲ್ಲ ಈ ಲೋಟಾನೇ ನೆನಪಾಗ್ತೈತೆ ಅಮ್ಮಿ." ಅವಳು ಅವನ ಕಡೆ ತಿರುಗಿದಳು. ಎಲ್ಲರ ಎದುರಿಗೇ ಹೇಳಿದಳು. "ನಾಳೆ ತೂಕ ಮುಗಿಸಿ ನೀರು ಕುಡೀರಿ. ಕುಡಿಯುವಾಗ ನಂಗೆ ಫೋನ್ ಮಾಡ್ರಿ. ಅಲ್ಲಿ ತನಕ ನಾನೂ ಕುಡಿಯಲ್ಲ."

ಅವನು ಎದ್ದ. ಅವಳಿಗೆ ತಲೆಯಾಡಿಸಿ, ತಾಯಿಯನ್ನು ಕರೆದುಕೊಂಡು ಹೊರಟ. ಅಬ್ಬಾ ಬಾಗಿಲವರೆಗೂ ಬರಲಿಲ್ಲ.

ಬೆಳಗಾಯಿತು. ಅಮ್ಮಿ ಚಹಾ ತಂದಳು, ಬೈದಳು, ಕಾಲು ಹಿಡಿಯುವುದೊಂದು ಬಾಕಿ. ಮುಸರತ್ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಶನಿವಾರ ಆ ಪಂಜರದಲ್ಲಿ ಅವನ ಮೇಲೆ ಬೀಳುವ ಒಂದು ಏಟನ್ನೂ ಅವಳು ತಡೆಯಲಾರಳು. ಬೇಡ ಎನ್ನಲೂ ಆಗದು, ಹೋಗಿ ಎನ್ನಲೂ ಆಗದು. ಅವನ ಜೊತೆ ಬಾಯಾರುವುದೊಂದೇ ಅವಳ ಕೈಲಿತ್ತು.

ಅಬ್ಬಾ ಅಂಗಡಿ ತೆಗೆಯಲು ಹೋಗಿರಲಿಲ್ಲ. ಪೇಪರಿನ ಒಂದೇ ಪುಟ ಹಿಡಿದು ಎದುರಿಗೆ ಕೂತಿದ್ದರು. ಅವರ ಚಹಾ ಕೆನೆಗಟ್ಟಿತ್ತು.

ಫೋನು ರಿಂಗಾಯಿತು.

"ತೂಕ ಸರಿ ಬಂತು," ಎಂದ ಬಿಲಾಲ್. ಬಾಟಲಿಯ ಮುಚ್ಚಳ ತೆಗೆದ ಸದ್ದು. ನಂತರ ಗಟಗಟ, ಗಟಗಟ. ನಿಶ್ಶಬ್ದವಾಗಿದ್ದ ಆ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ಮುಸರತ್ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಆ ಕಡೆ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ.

ಅಬ್ಬಾ ಪೇಪರು ಕೆಳಗಿಟ್ಟರು. ಎದ್ದು ಬಂದು ಅವಳ ಕಿವಿಯಿಂದ ಫೋನು ತೆಗೆದುಕೊಂಡರು. ಸ್ವಲ್ಪ ಹೊತ್ತು ಆ ಕೆಮ್ಮನ್ನೇ ಕೇಳುತ್ತಾ ನಿಂತರು.

"ನಿಧಾನಕ್ಕೆ ಕುಡಿಯೋ ಬೇಟಾ," ಎಂದರು. "ನೆತ್ತಿಗೇರೀತು."