ತಣ್ಣಗಾಗಲು ಹತ್ತು ನಿಮಿಷ

ಇವತ್ತು ಹೇಳಿಬಿಟ್ಟರೆ? ಬಾಗಿಲು ತೆಗೆದ ಕೂಡಲೇ, ಟೋಪಿ ತೆಗೆಯುವ ಮೊದಲೇ ಹೇಳಿಬಿಟ್ಟರೆ ಏನಾಗುತ್ತದೆ? ಅವಳ ನಗು ಒಂದು ಗಳಿಗೆ ಹಾಗೇ ನಿಂತೀತು, ಆಮೇಲೆ ನಿಧಾನವಾಗಿ ಆರೀತು. ನಾಳೆ ಅವಳ ಮನೆಯಲ್ಲಿ ಊಟವಾದ ಮೇಲೆ ಹೇಳಿದರೆ? ಉಂಡು ಹೇಳುವುದು ಇನ್ನೂ ನೀಚತನ. ಹೇಳದೆಯೇ ಇದ್ದು, ಈ ವಾರದಲ್ಲೇ ನಿಜವಾಗಿ ಬಿಟ್ಟುಬಿಟ್ಟರೆ ಸುಳ್ಳು ತಾನಾಗಿಯೇ ನಿಜವಾಗಿಬಿಡುವುದಿಲ್ಲವೇ?

ರೇಯೋ ಲಂಪಿನೆನ್ ಪಿಕಪ್ ಗಾಡಿಯ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ, ಆ ಸಂದಿನಿಂದ ಸಿಗರೇಟಿನ ಹೊಗೆಯನ್ನು ಹೊರಗೆ ಬಿಡುತ್ತಿದ್ದ. ನಿಕಲ್ ಗಣಿಗಳ ಊರು ಸಡ್ಬರಿಯ ಫೆಬ್ರವರಿ ಬೆಳಗು. ಯಾವುದು ಹೊಗೆ, ಯಾವುದು ಉಸಿರು ಎಂದು ತಿಳಿಯದಷ್ಟು ಚಳಿ. ತುಂಡನ್ನು ತಣ್ಣಗಾದ ಕಾಫಿಯಲ್ಲಿ ಅದ್ದಿದ. ಜಾಕೆಟ್ ಬದಲಿಸಿದ. ಸೇದುವ ಜಾಕೆಟ್ ಬೇರೆ, ಸೊಲಾಂಜ್‌ಳ ಅಂಗಡಿಗೆ ಹೋಗುವ ಜಾಕೆಟ್ ಬೇರೆ. ಪುದೀನದ ಗುಳಿಗೆ ಬಾಯಿಗೆ ಹಾಕಿಕೊಂಡು ಇಳಿದ.

ಸಿಗರೇಟು ಬಿಡುವ ನಿಜವಾದ ಮನಸ್ಸಿನಿಂದಲೇ ಅವನು ನವೆಂಬರಿನಲ್ಲಿ, ಸಿಗರೇಟಿನ ಬದಲು ಎಳೆಯುವ ಬ್ಯಾಟರಿ ಯಂತ್ರಗಳನ್ನು ಮಾರುವ ಆ ವೇಪ್ ಅಂಗಡಿಯ ಮೆಟ್ಟಿಲು ಹತ್ತಿದ್ದು. ಅಲ್ಲೊಂದು ಪದ್ಧತಿಯಿತ್ತು. ಬಿಡುವವರು ತಮ್ಮ ಕೊನೆಯ ಸಿಗರೇಟನ್ನು ಗೋಡೆಯ ಹಲಗೆಗೆ ಪಿನ್ನು ಚುಚ್ಚಿ ನಿಲ್ಲಿಸಿ, ಕೆಳಗೆ ಹೆಸರು, ದಿನಾಂಕ ಬರೆಯಬೇಕು. ಅಂದು ಪಿನ್ನು ಕೊಟ್ಟವಳು ಸೊಲಾಂಜ್ ಬ್ರಿಸ್‌ಬುವಾ. ಪಿನ್ನು ಕೊಡುವಾಗ ಅವಳ ಬೆರಳ ತುದಿ ಅವನ ಅಂಗೈಗೆ ತಾಗಿತ್ತು. ಹನ್ನೊಂದನೆಯ ದಿನ ಗಣಿಯಲ್ಲಿ ಮೇಲಧಿಕಾರಿಯ ಬಾಯಿಗೆ ಸಿಕ್ಕು, ಹೊರಬಂದು ಒಂದು ಸೇದಿದ. ಹನ್ನೆರಡನೆಯ ದಿನ ಸೊಲಾಂಜ್ ಅವನ ಗಲ್ಲ ನೋಡಿ, "ಮುಖಕ್ಕೆ ಬಣ್ಣ ಬಂದಿದೆ ನೋಡು ನಿಂಗೆ" ಎಂದಳು. ಆ ಮಾತಿನ ಎದುರು ಹೇಳಲಾಗಲಿಲ್ಲ. ಆಮೇಲೆ ದಿನಗಳು ಒಂದರ ಮೇಲೊಂದು ಬಿದ್ದು, ಇವತ್ತಿಗೆ ತೊಂಬತ್ತೊಂಬತ್ತು.

"ಬಂದ ನೋಡು ವರ!" ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ನೊರ್ಮಾಂದ್ ಕೂಗಿದ. ಗಣಿಯಿಂದ ನಿವೃತ್ತನಾದ ಮುದುಕ. ಅವನ ಶನಿವಾರಗಳೆಲ್ಲ ಇಲ್ಲಿಯೇ. "ನಾಳೆ ನೂರನೇ ದಿನ ಅಂತಲ್ಲಪ್ಪಾ. ಟೂರ್ತಿಯೇರ್ ಮಾಡ್ತಾಳಂತೆ, ಮಾಂಸದ ಕಡುಬು, ಅವರಮ್ಮನ ಕೈರುಚಿ. ಹದಿನೈದು ವರ್ಷದಿಂದ ಬರ್ತಿದೀನಿ, ನಂಗೊಂದು ಬಿಸ್ಕತ್ತೂ ಕೊಟ್ಟಿಲ್ಲ."

"ಈ ಅಂಗಡಿ ತೆಗೆದೇ ಮೂರು ವರ್ಷ ಆಯ್ತು, ನೊರ್ಮಾಂದ್," ಎಂದಳು ಸೊಲಾಂಜ್ ತಲೆ ಎತ್ತದೆ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ರೇಯೋ ಅದನ್ನೇ ನೋಡುತ್ತ ನಿಂತ. ಅವಳು ನೋಡಿದಾಗ ಟೋಪಿಯ ಹಿಮ ಕೊಡವಿದ.

"ನಿಂಗೊಂದು ತರಿಸಿಟ್ಟಿದೀನಿ," ಎಂದು ಅವಳು ಅಂಗೈಯಗಲದ ಪೆಟ್ಟಿಗೆಯಂಥದ್ದನ್ನು ಗಾಜಿನ ಕೌಂಟರಿನ ಮೇಲೆ ತಳ್ಳಿದಳು. "ಟೆಂಪರೇಚರ್ ಕಂಟ್ರೋಲ್. ಒಂದ್ಸಲ ನೋಡು. ನಿನ್ನ ಹಳೇದಕ್ಕೆ ತಲೆ ಇಲ್ಲ. ಒತ್ತಿದಷ್ಟು ಹೊತ್ತೂ ಕಾಯ್ತಾನೇ ಇರುತ್ತೆ. ರಸ ಒಣಗಿದ್ರೂ ಕಾಯುತ್ತೆ, ಒಳಗಿನ ಹತ್ತಿ ಸುಟ್ಟು ಗಂಟಲು ಹರಿಯುತ್ತೆ. ಇದು ಹಾಗಲ್ಲ. ಒಳಗಿರೋದು ನಿಕಲ್ ತಂತಿಯ ಸುರುಳಿ, ಕಾಯಿಲ್ ಅಂತಾರೆ. ಎಷ್ಟು ಬಿಸಿ ಆಯ್ತು ಅಂತ ತಂತಿಯಿಂದಲೇ ತಿಳ್ಕೊಂಡು ಅಲ್ಲಿಗೇ ನಿಲ್ಲಿಸುತ್ತೆ."

"ನಿಕಲ್ಲಾ!" ನೊರ್ಮಾಂದ್ ತೊಡೆ ತಟ್ಟಿದ. "ಮೂವತ್ತು ವರ್ಷ ನೆಲದಡಿಯಿಂದ ಕಿತ್ತು ಕಿತ್ತು ಕಳಿಸಿದೆ. ಕೊನೆಗೆ ನನ್ನ ಬಾಯಿಗೇ ವಾಪಸ್ ಬಂತಲ್ಲ."

ಸೊಲಾಂಜ್ ನಕ್ಕಳು. ಪೀಚ್ ಹಣ್ಣಿನ ರಸ ತುಂಬಿ, ತಾನೇ ಎರಡು ಸಲ ಎಳೆದು, ಕಣ್ಣು ಮುಚ್ಚಿ ರುಚಿ ನೋಡಿದಳು. ಆಮೇಲೆ ತಂತಿಯಿರುವ ಮೇಲಿನ ಟ್ಯಾಂಕನ್ನು ಬಿಚ್ಚಿ, ತುದಿಯನ್ನು ಒರೆಸಿ, ಅವನ ಮುಂದಿಟ್ಟಳು.

"ಒಂದೇ ಒಂದು ಮಾತು ನೆನಪಿಟ್ಕೊ. ತಂತಿ ಪೂರ್ತಿ ತಣ್ಣಗಿದ್ದಾಗ ಹೇಗಿದೆ ಅಂತ ಇದು ಮೊದಲು ಅಳೀಬೇಕು. ಬೆಚ್ಚಗಿದ್ದಾಗ ಅಳೆದ್ರೆ ಆ ಬಿಸೀನೇ ತಂಪು ಅಂದ್ಕೊಳ್ಳುತ್ತೆ. ಆಮೇಲೆ ಅದು ತೋರ್ಸೋದೆಲ್ಲಾ ತಪ್ಪೇ. ಹತ್ತು ನಿಮಿಷ ಬಿಟ್ಟು ಟ್ಯಾಂಕ್ ಕೂರಿಸು. ಹೊಸ ಕಾಯಿಲಾ ಅಂತ ಕೇಳುತ್ತೆ, ಹೌದು ಅಂತ ಒತ್ತು."

ಒಳಗೆ ಫೋನು ಬಡಿದುಕೊಂಡಿತು. ಅವಳು ಎದ್ದು ಹೋದಳು.

"ನಂಗೆ ಎರಡನೇ ವಾರಕ್ಕೇ ನಾಲಿಗೆ ವಾಪಸ್ ಬಂತು ತಮ್ಮಾ," ನೊರ್ಮಾಂದ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಪಿಸುಗುಟ್ಟಿದ. "ಆವಾಗ್ಲೇ ಗೊತ್ತಾಗಿದ್ದು, ನಮ್ಮನೆಯವ್ಳು ಇಷ್ಟು ವರ್ಷ ಬಟಾಣಿ ಸೂಪು ತಳ ಹಿಡಿಸೇ ಬಡಿಸ್ತಿದ್ಲು ಅಂತ. ನಿಂಗೂ ಬಂದಿರ್ಬೇಕಲ್ಲ?"

"ಬಂದಿದೆ," ಎಂದ ರೇಯೋ.

ಮುದುಕ ಹೋದ ಮೇಲೆ ಅಂಗಡಿಯಲ್ಲಿ ಉಳಿದದ್ದು ಅವನು, ಮತ್ತು ಎದುರಿನ ಹಲಗೆ. ಮೂರನೆಯ ಸಾಲಿನಲ್ಲಿ ಅವನ ಸಿಗರೇಟು, ಕಾಗದ ಹಳದಿಗೆ ತಿರುಗಿತ್ತು. ಕೆಳಗೆ ಅವನದೇ ಅಕ್ಷರ. ಜನವರಿಯಲ್ಲಿ ಇದೇ ಹಲಗೆಯ ಕೆಳಗೆ ನಿಂತು ಅವಳು ತನ್ನ ಅಪ್ಪನ ಕತೆ ಹೇಳಿದ್ದಳು. "ಬಿಟ್ಟೆ ಅಂತ ಹೇಳಿ ಒಂಬತ್ತು ವರ್ಷ ಆಗಿತ್ತು ರೇಯೋ. ಸತ್ತ ಮೇಲೆ ನೆಲಮಾಳಿಗೆಯಲ್ಲಿ ಪೇಂಟಿನ ಡಬ್ಬಿ ತೆಗೆದ್ರೆ ಬರೀ ಸಿಗರೇಟಿನ ತುಂಡು. ಸೇದಿದ್ನಲ್ಲಾ ಅಂತ ಅಳು ಬರಲಿಲ್ಲ ನಂಗೆ. ಕೆಳಗೆ ಒಬ್ನೇ ಕೂತು ಸೇದ್ತಿದ್ನಲ್ಲಾ, ಅದಕ್ಕೆ ಬಂತು."

ಹತ್ತು ನಿಮಿಷ ಆ ಹಲಗೆಯ ಎದುರು ಕೂರುವುದು ಅವನಿಂದಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಇನ್ನೂ ಬೆಚ್ಚಗಿದ್ದ ಟ್ಯಾಂಕನ್ನೇ ತಿರುಗಿಸಿ ಕೂರಿಸಿದ. ಹೊಸ ಕಾಯಿಲಾ ಎಂದು ಪುಟ್ಟ ಪರದೆ ಕೇಳಿತು. ಹೌದು ಎಂದು ಒತ್ತಿದ.

ಸೊಲಾಂಜ್ ಬಂದಾಗ ಅವನು ನಾಲ್ಕನೆಯ ಸಲ ಎಳೆಯುತ್ತಿದ್ದ. ಹೊಗೆ ಗಂಟಲಿಗೆ ಕೊಂಚ ಒರಟಾಗಿ ತಾಗುತ್ತಿತ್ತು. ಆ ಒರಟುತನ ಅವನಿಗೆ ಹಿತವಾಗಿಯೇ ಇತ್ತು, ಗುರುತಿನದಾಗಿತ್ತು.

"ಹೇಗಿದೆ?" ಅವಳು ಗಾಜಿನ ಮೇಲೆ ಮೊಣಕೈಯೂರಿ ಬಾಗಿದಳು. ರೆಪ್ಪೆಯ ಮೇಲೆ ಒಂದೇ ಒಂದು ಎಳೆ ಕೂದಲು.

"ತುಂಬಾ ಚೆನ್ನಾಗಿದೆ. ಪೀಚ್ ಹಣ್ಣನ್ನ ಕಚ್ಚಿ ತಿಂದ ಹಾಗೇ ಇದೆ."

"ಹೌದಾ? ಕೊಡಿಲ್ಲಿ." ಅವನ ಕೈಯಿಂದ ಕಸಿದುಕೊಂಡು, ಅವನ ತುಟಿ ತಾಗಿದ ಕಡೆಯೇ ತುಟಿಯಿಟ್ಟಳು. ಹಾಗೆ ಇಡುವಾಗ ಅವನನ್ನೇ ನೋಡುತ್ತಿದ್ದಳು, ತುಂಟತನದಿಂದ. ಎಳೆದಳು.

ಮರುಕ್ಷಣವೇ ಕೆಮ್ಮು. ಗಾಜನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. "ಅಯ್ಯೋ, ಹತ್ತಿ ಸುಟ್ಟು ಕರಕಲಾಗಿದೆ! ಬಿಸಿ ಇದ್ದಾಗ್ಲೇ ಹಾಕ್ಬಿಟ್ಯಾ? ಇದನ್ನ ಹೇಗೆ ಎಳೆದೆ ನೀನು, ಬಾಯಿ..."

ಅವಳು ಕಣ್ಣು ಒರೆಸಿಕೊಂಡಳು. ಅವನ ಬಾಯಿಯನ್ನು ನೋಡಿದಳು, ಕೈಬೆರಳುಗಳನ್ನು ನೋಡಿದಳು, ಗಾಜಿನ ಬಾಗಿಲಿನಾಚೆ ನಿಂತಿದ್ದ ಅವನ ಗಾಡಿಯನ್ನೂ ಒಮ್ಮೆ ನೋಡಿದಳು. ಹಲಗೆಯ ಕಡೆ ಮಾತ್ರ ತಿರುಗಲಿಲ್ಲ.

"ಪೀಚ್," ಎಂದಳು ಮೆಲ್ಲಗೆ.

ಕೋಪ ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಬಾಗಿಲಿಗೆ ಹೋಗಿ, 'ಈಗಲೇ ಬರುತ್ತೇನೆ' ಎನ್ನುವ ಫಲಕ ತಿರುಗಿಸಿ, ಮರಳಿ ಬಂದು ಕೂತಳು. ಕಪ್ಪಾದ ಹತ್ತಿಯನ್ನು ಚಿಮಟದಿಂದ ಎಳೆದು ತೆಗೆದಳು, ಹೊಸದು ತೂರಿಸಿ ತುದಿ ಕತ್ತರಿಸಿದಳು, ರಸ ಹನಿಸಿದಳು. ಬೆರಳುಗಳು ಎಂದಿನಂತೆ ಚುರುಕಾಗಿದ್ದವು. ಮುಖದಲ್ಲಿ ಮಾತ್ರ ಬಾಗಿಲ ಬಳಿ ಯಾರಿಗೋ ಕಾಯುವವರ ಸುಮ್ಮನಿರುವಿಕೆ.

"ತಣ್ಣಗಾಗ್ಲಿ," ಎಂದಳು. "ಹತ್ತು ನಿಮಿಷ. ನಾನೂ ಇಲ್ಲೇ ಕೂತಿರ್ತೀನಿ. ಯಾರೂ ಬರಲ್ಲ."

ಅವಳು ಪ್ರಶ್ನಿಸುತ್ತಿರಲಿಲ್ಲ. ಜಾಗ ಬಿಟ್ಟುಕೊಟ್ಟಿದ್ದಳು, ಅಷ್ಟೇ. ಒಂದೇ ವಾಕ್ಯ ಹಿಡಿಸುವಷ್ಟು ಜಾಗ. ಹೀಟರಿನ ಸದ್ದು, ಹೊರಗೆ ಹಿಮ ಬಾಚುವ ಗಾಡಿಯ ಸದ್ದು. ಗಾಜಿನ ಮೇಲೆ ಅವಳ ಕೈ ಅಂಗೈ ಮೇಲಾಗಿ ಬಿದ್ದಿತ್ತು, ಅವನ ಕೈಯಿಂದ ಗೇಣು ದೂರದಲ್ಲಿ. ವಾಕ್ಯ ಅವನ ಬಾಯಿಯವರೆಗೆ ಬಂದಿತ್ತು. ಪುದೀನದ ಗುಳಿಗೆಯಂತೆ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಕೂತ.

ಗೋಡೆ ಗಡಿಯಾರದಲ್ಲಿ ಹತ್ತು ನಿಮಿಷ ಆಯಿತು. ಸೊಲಾಂಜ್ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇನ್ನೂ ಸ್ವಲ್ಪ ಬೆಚ್ಚಗಿದೆ," ಎಂದಳು.

ತಂತಿ ಯಾವಾಗಲೋ ತಣ್ಣಗಾಗಿತ್ತು. ಅದು ಅವನಿಗೂ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇನ್ನೂ ಐದು ನಿಮಿಷ ಹೋಯಿತು.

"ನಾಳೆ..." ಎಂದ ರೇಯೋ. ಅವಳು ಥಟ್ಟನೆ ತಲೆಯೆತ್ತಿದಳು. ಆ ಕಣ್ಣುಗಳನ್ನು ಅವನು ಆಮೇಲೆ ಎಷ್ಟೋ ದಿನ ಮರೆಯಲಾರದೆ ಹೋದ. "ನಾಳೆ ಎಷ್ಟು ಗಂಟೆಗೆ ಬರ್ಲಿ?"

ಅವಳು ಟ್ಯಾಂಕನ್ನು ತಿರುಗಿಸಿ ಕೂರಿಸಿದಳು. ಪರದೆ ಕೇಳಿದ್ದಕ್ಕೆ ಹೌದು ಎಂದು ಒತ್ತಿದಳು. ಅದನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಚಿದಳು.

"ನಾಳೆ ಬೇಡ ರೇಯೋ."

"ಸೊಲಾಂಜ್..."

"ಹೇಳು."

ಅವನು ಟೋಪಿ ಹಾಕಿಕೊಂಡ. ಬಾಗಿಲು ತೆಗೆದಾಗ ಹಿಂದಿನಿಂದ ಅವಳ ದನಿ ಬಂತು, ಬೈಗುಳವಿಲ್ಲದ, ತೀರಾ ಮೆತ್ತನೆಯ ದನಿ. "ಗಾಡಿ ಕಿಟಕೀನ ಪೂರ್ತಿ ಇಳಿಸ್ಕೊ. ಮುಚ್ಕೊಂಡು ಒಬ್ನೇ ಕೂರ್ಬೇಡ."

ಅವನು ಮಾರ್ಚಿನಲ್ಲಿ ನಿಜವಾಗಿಯೂ ಬಿಟ್ಟ. ಯಾವ ಗೋಡೆಗೂ ಪಿನ್ನು ಚುಚ್ಚಲಿಲ್ಲ, ಯಾರಿಗೂ ತಿಳಿಸಲಿಲ್ಲ. ಏಪ್ರಿಲಿನ ಒಂದು ಮಧ್ಯಾಹ್ನ, ಪಾಳಿ ಮುಗಿಸಿ ಗಾಡಿಯಲ್ಲಿ ಕೂತು ಅದೇ ಪೆಟ್ಟಿಗೆಯನ್ನು ಎಳೆದಾಗ ಬಾಯಿ ತುಂಬ ಪೀಚ್ ಹಣ್ಣು ಬಂತು, ಸಿಹಿ, ಸಿಪ್ಪೆಯ ಒಗರು ಸಮೇತ. ಅವಳು ಅಂದು ಕಣ್ಣು ಮುಚ್ಚಿಕೊಂಡದ್ದು ಏಕೆಂದು ಆಗ ತಿಳಿಯಿತು. ಗಾಡಿಯನ್ನು ಅಂಗಡಿಯವರೆಗೂ ಓಡಿಸಿದ. ಗಾಜಿನಾಚೆ ಸೊಲಾಂಜ್ ಯಾರಿಗೋ ಪಿನ್ನು ಕೊಡುತ್ತಿದ್ದಳು. ಮೂರನೆಯ ಸಾಲಿನಲ್ಲಿ ಅವನ ಸಿಗರೇಟು ಹಾಗೇ ಇತ್ತು. ಅವಳು ಅದನ್ನು ತೆಗೆದಿರಲಿಲ್ಲ.

ಕಿಟಕಿ ಪೂರ್ತಿ ಇಳಿಸಿಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಅವನು ಗಾಡಿ ತಿರುಗಿಸಿದ.

ನಾನು ಸೇದುತ್ತಿದ್ದೆ, ನಿನಗೆ ಸುಳ್ಳು ಹೇಳಿದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.